‘ಲಾಸ್ಟ್ ನೈಟ್’ನ ಟಕಾರವೂ ‘ಲಾಟ್ ಆಫ್’ನ ಟಕಾರವೂ: ಇಂಗ್ಲಿಷ್ ಆಡುಮಾತಿನ ಸಂಧಿ ಯಾರ ಗುರುತು?

ಪ್ರಶ್ನೆ — ಅಡಿಬರಹದವನು

ಇಂಗ್ಲಿಷ್ ಸಂದರ್ಶನಗಳ ಧ್ವನಿಮುದ್ರಣವನ್ನು ಕೇಳಿ ಅಡಿಬರಹ ಸಿದ್ಧಪಡಿಸುವ ಕೆಲಸದಲ್ಲಿ ನಾನು ಮೂರು ವರ್ಷದಿಂದ ಇದ್ದೇನೆ. ಪುಸ್ತಕದ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಧೈರ್ಯದಿಂದ ಈ ಕೆಲಸಕ್ಕೆ ಇಳಿದ ನನಗೆ ಮೊದಲ ವಾರದಲ್ಲೇ ಒಂದು ಸಂಗತಿ ಮನವರಿಕೆಯಾಯಿತು: ಆ ಭಾಷೆಯವರು ಪದಗಳನ್ನು ಬಿಡಿಬಿಡಿಯಾಗಿ ಆಡುವುದಿಲ್ಲ, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡೇ ಬರುತ್ತದೆ. ಇದು ಈಗ ಅಭ್ಯಾಸವಾಗಿದೆ. ನನ್ನ ತೊಡಕು ಬೇರೆ.

ಕಳೆದ ತಿಂಗಳು ಇಬ್ಬರ ಮಾತನ್ನು ಒಂದರ ಹಿಂದೆ ಒಂದು ಕೇಳಿದೆ. ಒಬ್ಬರು ಇಂಗ್ಲೆಂಡಿನ ನಿವೃತ್ತ ಪ್ರಾಧ್ಯಾಪಕರು, ಇನ್ನೊಬ್ಬರು ಲಂಡನ್ನಿನ ಟ್ಯಾಕ್ಸಿ ಚಾಲಕರು. ಪ್ರಾಧ್ಯಾಪಕರು ‘ಲಾಸ್ಟ್ ನೈಟ್’ ಎನ್ನುವುದನ್ನು ‘ಲಾಸ್ ನೈಟ್’ ಎಂದರು, ‘ಐಡಿಯ ಆಫ್’ ಎನ್ನುವಲ್ಲಿ ಎಲ್ಲಿಂದಲೋ ಒಂದು ರಕಾರವನ್ನು ತಂದು ‘ಐಡಿಯರಾವ್’ ಎಂದರು. ಚಾಲಕರು ‘ಎ ಲಾಟ್ ಆಫ್ ಇಟ್’ ಎಂಬಲ್ಲಿ ಟಕಾರವನ್ನು ನುಂಗಿ, ಆ ಜಾಗದಲ್ಲಿ ಉಸಿರನ್ನು ಗಂಟಲಲ್ಲೇ ಒಂದು ಕ್ಷಣ ಹಿಡಿದು ಬಿಟ್ಟರು. ವೇಗವನ್ನು ಅರ್ಧಕ್ಕಿಳಿಸಿ, ತೆರೆಯ ಮೇಲಿನ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಪ್ರಾಧ್ಯಾಪಕರ ಮಾತಿನಲ್ಲಿ ಸಕಾರದ ಒರಟು ಗೆರೆಗಳು ಮುಗಿದೊಡನೆಯೇ ನಕಾರದ ನಯವಾದ ಅಲೆ ಆರಂಭವಾಗುತ್ತದೆ; ನಡುವೆ ಟಕಾರಕ್ಕೆ ಕೂದಲೆಳೆಯಷ್ಟು ಜಾಗವೂ ಇಲ್ಲ.

ಅಂದರೆ ಇಬ್ಬರೂ ಟಕಾರವನ್ನು ಬಿಟ್ಟಿದ್ದಾರೆ. ಆದರೆ ನನ್ನ ಕೆಲಸವನ್ನು ಪರಿಶೀಲಿಸುವ ಹಿರಿಯರು ಚಾಲಕರ ಮಾತನ್ನು ಕೇಳಿ “ಇದು ಓದುಬರಹ ಇಲ್ಲದವರ ಉಚ್ಚಾರಣೆ” ಎಂದರು, ಪ್ರಾಧ್ಯಾಪಕರ ಮಾತಿನಲ್ಲಿ ಅವರಿಗೆ ಯಾವ ಕೊರತೆಯೂ ಕಾಣಲಿಲ್ಲ. ನಾನು ಅಲೆಯ ಚಿತ್ರವನ್ನು ತೋರಿಸಿದರೂ ಅವರು ಒಪ್ಪಲಿಲ್ಲ. ಹಾಗಾದರೆ ಪದಗಳ ನಡುವೆ ಆಗುವ ಈ ಮಾರ್ಪಾಡುಗಳಲ್ಲಿ ಯಾವುವು ಎಲ್ಲರ ಸೊತ್ತು, ಯಾವುವು ಒಂದು ವರ್ಗದ ಅಥವಾ ಪ್ರದೇಶದ ಗುರುತು? ಇದಕ್ಕೊಂದು ಕ್ರಮವಿದೆಯೇ, ಅಥವಾ ಯಾರು ಆಡಿದರು ಎಂಬುದರ ಮೇಲೆ ತೀರ್ಮಾನ ಹೊರಡುತ್ತದೆಯೇ?

ಉತ್ತರ — ಧ್ವನಿಶಾಸ್ತ್ರದ ಹಳೆಯ ವಿದ್ಯಾರ್ಥಿನಿ

ನೀವು ಕೇಳಿಸಿಕೊಂಡಿರುವುದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಧಿಯೇ ಹೊರತು ಬೇರೇನಲ್ಲ. ಲೋಪ, ಆಗಮ, ಆದೇಶ ಎಂಬ ಮೂರು ಹೆಸರುಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಇಂಗ್ಲಿಷಿನ ಆಡುಮಾತಿನ ಬಹುಪಾಲು ಆ ಮೂರು ಗೂಡುಗಳಲ್ಲೇ ಕುಳಿತುಕೊಳ್ಳುತ್ತದೆ. ‘ಲಾಸ್ ನೈಟ್’, ‘ನೆಕ್ಸ್ ಡೇ’ ಲೋಪ. ‘ಸೀ ಇಟ್’ ಎಂಬುದು ‘ಸೀಯಿಟ್’ ಆಗುವುದು, ‘ಗೋ ಆನ್’ ಎಂಬುದು ‘ಗೋವಾನ್’ ಆಗುವುದು ಆಗಮ. ಮನೆಯನ್ನು, ಗುರುವನ್ನು ಎಂದು ಯಕಾರ ವಕಾರಗಳನ್ನು ದಿನವೂ ತರುವ ನಮ್ಮ ಕಿವಿಗೆ ಅದು ಗೊತ್ತೂ ಆಗುವುದಿಲ್ಲ. ‘ಟೆನ್ ಬಾಯ್ಸ್’ ಎಂಬುದು ‘ಟೆಮ್ ಬಾಯ್ಸ್’ ಆಗುವುದು, ‘ದಿಸ್ ಶಾಪ್’ ಎಂಬುದು ‘ದಿಶ್ ಶಾಪ್’ ಆಗುವುದು, ‘ಡಿಡ್ ಯೂ’ ಎಂಬುದು ‘ಡಿಜೂ’ ಆಗುವುದು ಆದೇಶ. ಕೊನೆಯ ಎರಡನ್ನು ನೋಡಿದರೆ ಸತ್ ಮತ್ತು ಜನ ಸೇರಿ ಸಜ್ಜನವಾಗುವ ಶ್ಚುತ್ವ ಸಂಧಿ ನೆನಪಾಗದೆ ಇರದು, ಏಕೆಂದರೆ ಮುಂದಿನ ತಾಲವ್ಯದ ಸೆಳೆತಕ್ಕೆ ಹಿಂದಿನ ಧ್ವನಿಯೂ ತಾಲವ್ಯವಾಗುವುದೇ ಎರಡೂ ಕಡೆ ನಡೆಯುವ ಕೆಲಸ.

ಒಂದು ವ್ಯತ್ಯಾಸವಿದೆ, ನನ್ನ ಅಭಿಪ್ರಾಯದಲ್ಲಿ ನಿಮ್ಮ ಹಿರಿಯರ ಕೋಪಕ್ಕೆ ಅದೇ ಮೂಲ. ನಮ್ಮಲ್ಲಿ ಸಂಧಿಯನ್ನು ಬರೆಯುತ್ತೇವೆ. ಸಂಧಿಯಾಗಬೇಕಾದಲ್ಲಿ ಆಗದಿದ್ದರೆ ಹಳೆಯ ಕಾವ್ಯಲಕ್ಷಣದವರು ಅದನ್ನು ವಿಸಂಧಿ ದೋಷವೆಂದು ಎಣಿಸಿದರು. ಇಂಗ್ಲಿಷಿನಲ್ಲಿ ಸಂಧಿ ಬರವಣಿಗೆಗೆ ಬರುವುದು ತೀರ ಅಪರೂಪ. ಬರೆದದ್ದೇ ನಿಜವಾದ ಮಾತು ಎಂದು ನಂಬಿದವರಿಗೆ ಆಡಿದ್ದು ಅದರಿಂದ ಸರಿದಾಗಲೆಲ್ಲ ಸೋಮಾರಿತನ ಕಾಣುತ್ತದೆ. ‘ನೇಚರ್’, ‘ಸೋಲ್ಜರ್’ ಎಂಬ ಪದಗಳ ಒಳಗಿರುವ ಚಕಾರ ಜಕಾರಗಳು ಕೂಡ ಒಂದು ಕಾಲದಲ್ಲಿ ‘ಟ್ಯ’, ‘ಡ್ಯ’ ಆಗಿದ್ದು ಹೀಗೆಯೇ ಬದಲಾದವು, ಇಂದು ಅವುಗಳನ್ನು ಯಾರೂ ಅಶಿಷ್ಟವೆನ್ನುವುದಿಲ್ಲ. ಅದೇ ಮಾರ್ಪಾಡು ‘ಗಾಟ್ ಯೂ’ ಎಂಬ ಎರಡು ಪದಗಳ ನಡುವೆ ಆಗಿ ‘ಗಾಚ’ ಎಂದಾದರೆ ಮಾತ್ರ ಹುಬ್ಬು ಮೇಲೇರುತ್ತದೆ.

ನಿಮ್ಮ ಅಲೆಯ ಚಿತ್ರದ ಬಗ್ಗೆ ಒಂದು ಎಚ್ಚರಿಕೆ. ಕಿವಿಗೆ ಕೇಳದ ಧ್ವನಿಯನ್ನೆಲ್ಲ ನಾಲಿಗೆ ಬಿಟ್ಟಿತೆಂದು ತಿಳಿಯಬಾರದು. ಕ್ಯಾಥರೀನ್ ಬ್ರೌಮನ್ ಮತ್ತು ಲೂಯಿ ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳು ಎಕ್ಸ್-ರೇ ಸಾಧನದಿಂದ ನಾಲಿಗೆ ತುಟಿಗಳ ಚಲನೆಯನ್ನು ಗಮನಿಸಿ, ‘ಪರ್ಫೆಕ್ಟ್ ಮೆಮೊರಿ’ ಎಂಬುದನ್ನು ಒಟ್ಟಿಗೆ ಆಡಿದಾಗ ಟಕಾರ ಕೇಳದಿದ್ದರೂ ನಾಲಿಗೆಯ ತುದಿ ಅದಕ್ಕಾಗಿ ಮೇಲೇಳುತ್ತದೆ, ಆದರೆ ಅಷ್ಟರಲ್ಲಿ ಮಕಾರಕ್ಕಾಗಿ ತುಟಿಗಳು ಮುಚ್ಚಿಕೊಂಡಿರುವುದರಿಂದ ಅದರ ಸದ್ದು ಹೊರಬರುವುದಿಲ್ಲ ಎಂದು ತೋರಿಸಿದರು. ಒಂದು ಚಲನೆಯ ಮೇಲೆ ಇನ್ನೊಂದು ಹೊದಿಕೆಯಂತೆ ಬೀಳುತ್ತದೆ. ಹೀಗಿರುವಾಗ ‘ನುಂಗಿದರು’ ಎಂಬ ಮಾತನ್ನೇ ಸ್ವಲ್ಪ ಅಳೆದು ಬಳಸಬೇಕಾಗುತ್ತದೆ.

ಇನ್ನು ಆ ರಕಾರ. ದಕ್ಷಿಣ ಇಂಗ್ಲೆಂಡಿನ ಪ್ರತಿಷ್ಠಿತ ಉಚ್ಚಾರಣೆಯಲ್ಲಿ ‘ಫೋರ್’ ಎಂಬ ಪದದ ಕೊನೆಯ ರಕಾರ ‘ಫೋರ್ ಡೇಸ್’ ಎನ್ನುವಾಗ ಇಲ್ಲ, ‘ಫೋರ್ ಅವರ್ಸ್’ ಎನ್ನುವಾಗ ಉಂಟು. ಮುಂದೆ ಸ್ವರ ಬಂದರೆ ಮಾತ್ರ ಅದು ತಲೆ ಎತ್ತುತ್ತದೆ. ಈ ಕ್ರಮ ಒಮ್ಮೆ ನೆಲೆಗೊಂಡ ಮೇಲೆ, ಅದೇ ಬಗೆಯ ಸ್ವರದಿಂದ ಮುಗಿಯುವ ‘ಐಡಿಯ’, ‘ಲಾ’ ಮುಂತಾದ ಪದಗಳಿಗೂ, ಅವುಗಳ ಬರಹದಲ್ಲಿ ರಕಾರ ಇಲ್ಲದಿದ್ದರೂ, ಅದು ಹರಡಿತು. ‘ಲಾ ಅಂಡ್ ಆರ್ಡರ್’ ಎಂಬುದು ‘ಲಾರನಾರ್ಡರ್’ ಎಂದು ಕೇಳಿ, ಲಾರಾ ನಾರ್ಡರ್ ಎಂಬ ಹೆಂಗಸೊಬ್ಬಳಿದ್ದಾಳೆ ಎಂಬ ಹಳೆಯ ಹಾಸ್ಯ ಹುಟ್ಟಿದ್ದು ಹೀಗೆ. ರಕಾರವನ್ನು ಎಲ್ಲೆಡೆ ಉಚ್ಚರಿಸುವ ಸ್ಕಾಟ್ಲೆಂಡಿನವರಲ್ಲಿ, ಅಮೆರಿಕದ ಬಹುಪಾಲು ಜನರಲ್ಲಿ ಈ ಆಗಮ ಸಾಮಾನ್ಯವಾಗಿ ಇಲ್ಲ, ಏಕೆಂದರೆ ಅವರಲ್ಲಿ ‘ಫೋರ್’ ಮತ್ತು ‘ಲಾ’ ಎಂದೂ ಒಂದೇ ಗುಂಪಿಗೆ ಸೇರಿರಲಿಲ್ಲ. ಹಾಗಾಗಿ ಇದು ವರ್ಗದ ಗುರುತಿಗಿಂತ ಹೆಚ್ಚಾಗಿ ಪ್ರದೇಶದ ಗುರುತು. ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಇಂಗ್ಲೆಂಡಿನ ಪೂರ್ವಭಾಗದಲ್ಲೂ ಇದಿದೆ. ಅಲ್ಲಿನ ಶ್ರೀಮಂತ ಮನೆತನದ ಜಾನ್ ಕೆನಡಿಯವರು ಅಧ್ಯಕ್ಷರಾಗಿ 1962ರಲ್ಲಿ ಕ್ಯೂಬಾದ ಬಿಕ್ಕಟ್ಟಿನ ಕುರಿತು ಮಾತನಾಡಿದಾಗ ಆ ದೇಶದ ಹೆಸರಿನ ತುದಿಯಲ್ಲಿ ರಕಾರ ಕೇಳಿಸಿತು. ಅವರನ್ನು ಓದುಬರಹ ಇಲ್ಲದವರೆಂದು ನಿಮ್ಮ ಹಿರಿಯರೂ ಹೇಳಲಾರರು.

ಉತ್ತರ — ಎಣಿಕೆಯವರು

ಮೇಲಿನ ಉತ್ತರ ಸಂಧಿಯ ಬಗೆಗಳನ್ನು ಚೆನ್ನಾಗಿ ಬಿಡಿಸಿದೆ, ಆದರೆ ಪ್ರಶ್ನೆಯ ತಿರುಳು ಇನ್ನೂ ಉಳಿದಿದೆ: ಇಬ್ಬರೂ ಟಕಾರವನ್ನು ಬಿಟ್ಟಿರುವಾಗ ಒಬ್ಬರದು ಮಾತ್ರ ಕಿವಿಗೆ ಚುಚ್ಚುವುದೇಕೆ? ಇದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಧ್ವನಿ ಬಿಟ್ಟುಹೋಯಿತು ಎಂಬುದಕ್ಕಿಂತ, ಅದರ ಮುಂದೆ ಏನಿತ್ತು ಎಂಬುದನ್ನು ನೋಡಬೇಕು.

ಭಾಷಾವಿಜ್ಞಾನಿ ವಾಲ್ಟ್ ವುಲ್ಫ್ರಮ್ ಅವರು ಅಮೆರಿಕದ ಡೆಟ್ರಾಯಿಟ್ ನಗರದ ಕಪ್ಪು ಸಮುದಾಯದ ಮಾತನ್ನು ಕುರಿತು ನಡೆಸಿದ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಪದದ ಕೊನೆಯ ಸಂಯುಕ್ತ ವ್ಯಂಜನದಲ್ಲಿ ಕಡೆಯದು ಎಷ್ಟು ಸಲ ಲೋಪವಾಗುತ್ತದೆ ಎಂದು ಅವರು ನಾಲ್ಕು ಸಾಮಾಜಿಕ ಸ್ತರಗಳಲ್ಲಿ ಎಣಿಸಿದರು. ಮುಂದೆ ಸ್ವರವಲ್ಲದ್ದು ಬಂದಾಗ ಮೇಲಿನ ಮಧ್ಯಮ ವರ್ಗದವರಲ್ಲಿ ಲೋಪ ಸುಮಾರು ಶೇಕಡಾ 79, ಕೆಳಗಿನ ದುಡಿಯುವ ವರ್ಗದವರಲ್ಲಿ ಸುಮಾರು 97. ಎರಡೂ ಎತ್ತರದ ಅಂಕಿಗಳೇ, ಕಿವಿ ಅವುಗಳ ನಡುವಿನ ಅಂತರವನ್ನು ಹಿಡಿಯುವುದು ಕಷ್ಟ. ಅದೇ ಲೋಪ, ಮುಂದೆ ಸ್ವರ ಬಂದಾಗ, ಮೇಲಿನವರಲ್ಲಿ ಸುಮಾರು 28ಕ್ಕೆ ಇಳಿಯುತ್ತದೆ, ಕೆಳಗಿನವರಲ್ಲಿ 72ರ ಹತ್ತಿರವೇ ನಿಲ್ಲುತ್ತದೆ. ವರ್ಗದ ಬಿರುಕು ಬಾಯಿ ತೆರೆದುಕೊಳ್ಳುವುದು ಇಲ್ಲಿ. ವ್ಯಂಜನದ ಮುಂದೆ ಎಲ್ಲರೂ ಬಿಡುತ್ತಾರೆ, ಆದ್ದರಿಂದ ಅದು ಯಾರ ಗುರುತೂ ಆಗದು. ಸ್ವರದ ಮುಂದೆ ಕೆಲವರು ಮಾತ್ರ ಹೆಚ್ಚಾಗಿ ಬಿಡುತ್ತಾರೆ, ಆದ್ದರಿಂದ ಅದು ಅವರ ಗುರುತಾಗಿ ಅಂಟಿಕೊಳ್ಳುತ್ತದೆ.

ಆ ಎಣಿಕೆಯಲ್ಲಿ ಇನ್ನೊಂದು ಸೊಗಸಾದ ಅಂಶವಿದೆ. ಕೊನೆಯ ಟಕಾರ ಡಕಾರಗಳು ಭೂತಕಾಲದ ಪ್ರತ್ಯಯವಾಗಿದ್ದರೆ ಎಲ್ಲ ವರ್ಗದವರೂ ಅದನ್ನು ಹೆಚ್ಚು ಜೋಪಾನ ಮಾಡುತ್ತಾರೆ. ಮಂಜು ಎಂಬರ್ಥದ ‘ಮಿಸ್ಟ್’ ಮತ್ತು ‘ಮಿಸ್’ ಕ್ರಿಯಾಪದದ ಭೂತರೂಪವಾದ ‘ಮಿಸ್ಟ್’ ಕಿವಿಗೆ ಒಂದೇ. ಆದರೆ ಎರಡನೆಯದರ ಟಕಾರಕ್ಕೆ ವ್ಯಾಕರಣದ ಕೆಲಸವಿದೆ. ಅಂಥ ಪ್ರತ್ಯಯದ ಮುಂದೆ ಸ್ವರ ಬಂದಾಗ ಮೇಲಿನ ಮಧ್ಯಮ ವರ್ಗದವರಲ್ಲಿ ಲೋಪ ಸುಮಾರು ಶೇಕಡಾ 7, ಕೆಳಗಿನ ದುಡಿಯುವ ವರ್ಗದವರಲ್ಲಿ ಸುಮಾರು 34. ನೂರಕ್ಕೆ 97ರಷ್ಟು ಲೋಪ ಮಾಡುವವರೇ ಅರ್ಥ ಕೆಡುವ ಜಾಗದಲ್ಲಿ ಕೈ ಬಿಗಿಹಿಡಿಯುತ್ತಾರೆ ಎಂದರೆ, ಇದನ್ನು ಸೋಮಾರಿತನ ಎನ್ನುವವರು ಸೋಮಾರಿಗಳಿಗೆ ಇಷ್ಟು ನಿಖರವಾದ ವ್ಯಾಕರಣಜ್ಞಾನ ಎಲ್ಲಿಂದ ಬಂತೆಂದು ವಿವರಿಸಬೇಕಾಗುತ್ತದೆ.

ನಿಮ್ಮ ಲಂಡನ್ ಚಾಲಕರ ಗಂಟಲ ತಡೆಗೂ ಇದೇ ಏಣಿ. ‘ದಟ್ ಮ್ಯಾನ್’ ಎಂಬಲ್ಲಿ, ಅಂದರೆ ವ್ಯಂಜನದ ಮುಂದೆ, ಟಕಾರದ ಬದಲು ಗಂಟಲಲ್ಲಿ ತಡೆಯುವುದನ್ನು ಪ್ರತಿಷ್ಠಿತ ಉಚ್ಚಾರಣೆಯವರೂ ಮಾಡುತ್ತಾರೆ, ಯಾರೂ ಗಮನಿಸುವುದಿಲ್ಲ. ‘ಲಾಟ್ ಆಫ್’, ‘ಕ್ವೈಟ್ ಈಸಿ’ ಎಂಬಲ್ಲಿ, ಅಂದರೆ ಪದದ ಕೊನೆಯಲ್ಲಿದ್ದು ಮುಂದೆ ಸ್ವರ ಬಂದಾಗ, ಹಿರಿಯರ ಕಿವಿಗೆ ಅದು ಲಂಡನ್ನಿನ ದುಡಿಯುವ ವರ್ಗದ ಮಾತು. ಆದರೆ ಕಿರಿಯರಲ್ಲಿ, ಓದಿದ ಮನೆತನಗಳವರೂ ಸೇರಿ, ಅದು ಕೆಲವು ದಶಕಗಳಿಂದ ಹಬ್ಬುತ್ತಾ ಬಂದಿದೆ. ಪದದ ಒಳಗೆ, ‘ವಾಟರ್’, ‘ಬಟರ್’ ಎಂಬಲ್ಲಿ ಹಾಗೆ ಮಾಡಿದರೆ ಮಾತ್ರ ಇಂದಿಗೂ ತೀವ್ರ ಆಕ್ಷೇಪ ಬರುತ್ತದೆ. ಡೇವಿಡ್ ರೋಸ್‌ವಾರ್ನ್ ಎಂಬ ಅಧ್ಯಾಪಕರು 1984ರಲ್ಲಿ ‘ಎಸ್ಚುರಿ ಇಂಗ್ಲಿಷ್’ ಎಂಬ ಹೆಸರನ್ನು ಚಲಾವಣೆಗೆ ತಂದದ್ದು ಪ್ರತಿಷ್ಠಿತ ಮಾತಿಗೂ ಲಂಡನ್ನಿನ ಜನಸಾಮಾನ್ಯರ ಮಾತಿಗೂ ನಡುವೆ ಇರುವ ಈ ಬಗೆಯ ಮಾತಿಗಾಗಿ. ನಿಮ್ಮ ಪ್ರಾಧ್ಯಾಪಕರು ಏಣಿಯ ಮೊದಲ ಮೆಟ್ಟಿಲಲ್ಲಿ ನಿಂತು ಟಕಾರವನ್ನು ಬಿಟ್ಟರು, ಚಾಲಕರು ಎರಡನೆಯದರಲ್ಲಿ ನಿಂತು ಬಿಟ್ಟರು. ಪ್ರಾಧ್ಯಾಪಕರ ಮೊಮ್ಮಕ್ಕಳು ಚಾಲಕರ ಮೆಟ್ಟಿಲಲ್ಲೇ ಇದ್ದರೆ ಆಶ್ಚರ್ಯವಿಲ್ಲ.

ಹಕಾರದ ಕಥೆಯೂ ಹೀಗೆಯೇ, ಚಿಕ್ಕದಾಗಿ ಹೇಳುತ್ತೇನೆ. ‘ಟೆಲ್ ಹಿಮ್’ ಎಂಬುದು ‘ಟೆಲಿಮ್’ ಆಗುವುದು ಎಲ್ಲ ಇಂಗ್ಲಿಷಿಗರ ಸಹಜ ಮಾತು. ‘ಹೌಸ್’ ಎಂಬುದು ‘ಔಸ್’ ಆದರೆ ಇಂಗ್ಲೆಂಡಿನಲ್ಲಿ ಮಾತಾಡಿದವನ ಜಾತಕವನ್ನೇ ಬರೆದುಬಿಡುತ್ತಾರೆ.

ಪ್ರಶ್ನೆ ಕೇಳಿದವನ ಮರುಮಾತು — ಅಡಿಬರಹದವನು

ಇಬ್ಬರಿಗೂ ಕೃತಜ್ಞತೆಗಳು. ಮೆಟ್ಟಿಲುಗಳ ವಿವರಣೆಯನ್ನು ಓದಿ ಹಳೆಯ ಮುದ್ರಣವನ್ನು ಮತ್ತೆ ಕೇಳಿದೆ. ಪ್ರಾಧ್ಯಾಪಕರು ‘ಲಾಸ್ಟ್ ಇಯರ್’ ಎಂಬಲ್ಲಿ ಟಕಾರವನ್ನು ಬಿಟ್ಟಿಲ್ಲ, ಅದನ್ನು ‘ಲಾಸ್ಚಿಯರ್’ ಎಂದು ಕರಗಿಸಿದ್ದಾರೆ. ‘ಫಸ್ಟ್ ಆಫ್ ಆಲ್’ ಎಂಬಲ್ಲಿ ಮಾತ್ರ ಟಕಾರ ಸ್ಫುಟವಾಗಿದೆ. ಒಂದೇ ಧ್ವನಿಗೆ ಮೂರು ಗತಿ, ಒಬ್ಬರೇ ಮಾತುಗಾರರು, ಐದು ನಿಮಿಷದೊಳಗೆ.

ಆದರೆ ಒಂದು ಅನುಮಾನ ಉಳಿದಿದೆ. ಎಲ್ಲರೂ ಮಾಡದ ಮಾರ್ಪಾಡು ಗುರುತಾಗುತ್ತದೆ ಎಂದು ಒಪ್ಪಿದರೂ, ಆ ಗುರುತು ಏಕೆ ಯಾವಾಗಲೂ ಕೀಳು ಗುರುತೇ ಆಗಬೇಕು? ಲೋಪ ಮಾಡಿದವರು ಕೆಳಗೆ, ಪೂರ್ತಿ ಉಚ್ಚರಿಸಿದವರು ಮೇಲೆ ಎಂಬುದು ಎಲ್ಲ ಕಡೆಯೂ ಸರಿಯೇ?

ಉತ್ತರ — ಎಣಿಕೆಯವರು

ಸರಿಯಲ್ಲ, ಅದಕ್ಕೆ ರಕಾರವೇ ಸಾಕ್ಷಿ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಅವರು ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಿಗೆ ಹೋದರು: ಸಿರಿವಂತರ ಸ್ಯಾಕ್ಸ್, ಮಧ್ಯಮ ದರ್ಜೆಯ ಮೇಸೀಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೆಯ ಮಹಡಿಯಲ್ಲಿ ಏನು ಸಿಗುತ್ತದೆ ಎಂದು ಮೊದಲೇ ತಿಳಿದುಕೊಂಡು, ಅದು ಎಲ್ಲಿದೆ ಎಂದು ಮಾರಾಟಗಾರರನ್ನು ಕೇಳುತ್ತಿದ್ದರು, ಅವರು ‘ಫೋರ್ತ್ ಫ್ಲೋರ್’ ಎಂದೊಡನೆ ಸರಿಯಾಗಿ ಕೇಳಿಸದವರಂತೆ ಮುಂದೆ ಬಾಗಿ “ಏನಂದಿರಿ?” ಎನ್ನುತ್ತಿದ್ದರು. ಎರಡನೆಯ ಸಲ ಅದೇ ಉತ್ತರ ಒತ್ತಿ ಹೇಳಿದ ರೂಪದಲ್ಲಿ ಬರುತ್ತಿತ್ತು. ಆಚೆ ತಿರುಗಿ, ರಕಾರ ಬಂತೋ ಇಲ್ಲವೋ ಎಂದು ಬರೆದುಕೊಳ್ಳುತ್ತಿದ್ದರು. ಹೀಗೆ 264 ಜನರನ್ನು ಮಾತಾಡಿಸಿದರು, ಒಬ್ಬರಿಗೂ ತಾವು ಅಧ್ಯಯನದ ವಸ್ತುವೆಂದು ತಿಳಿಯಲಿಲ್ಲ. ಪೂರ್ತಿಯಾಗಿಯೋ ಭಾಗಶಃವೋ ರಕಾರ ಉಚ್ಚರಿಸಿದವರು ಸ್ಯಾಕ್ಸ್‌ನಲ್ಲಿ ಶೇಕಡಾ 62, ಮೇಸೀಸ್‌ನಲ್ಲಿ 51, ಕ್ಲೈನ್‌ನಲ್ಲಿ 20.

ಅಂದರೆ ನ್ಯೂಯಾರ್ಕಿನಲ್ಲಿ ಪದದ ಕೊನೆಯ ರಕಾರ ಮೇಲಿನವರ ಗುರುತು. ಅದೇ ರಕಾರವನ್ನು ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಉಚ್ಚರಿಸಿದ್ದರೆ ಹಳ್ಳಿಯವನೆಂದೋ ಪಶ್ಚಿಮ ಇಂಗ್ಲೆಂಡಿನ ರೈತನೆಂದೋ ತಿಳಿಯುತ್ತಿದ್ದರು, ಏಕೆಂದರೆ ಅಲ್ಲಿ ಅದನ್ನು ಬಿಡುವುದೇ ಪ್ರತಿಷ್ಠೆ. ಇನ್ನೂ ಸ್ವಾರಸ್ಯವೆಂದರೆ, ಎರಡನೆಯ ಮಹಾಯುದ್ಧದವರೆಗೆ ನ್ಯೂಯಾರ್ಕಿನಲ್ಲೂ ರಕಾರವನ್ನು ಬಿಡುವುದೇ ಗೌರವದ ಮಾತಾಗಿತ್ತು. ಆ ರಾಜ್ಯದ ಹಳೆಯ ಶ್ರೀಮಂತ ಮನೆತನದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಭಾಷಣಗಳ ಮುದ್ರಣಗಳಲ್ಲಿ ಇದನ್ನು ಈಗಲೂ ಕೇಳಬಹುದು. ಯುದ್ಧದ ನಂತರ ಗಾಳಿ ತಿರುಗಿತು. ಧ್ವನಿ ಬದಲಾಗಲಿಲ್ಲ, ನಾಲಿಗೆಯ ಶ್ರಮ ಹೆಚ್ಚೂ ಆಗಲಿಲ್ಲ ಕಡಿಮೆಯೂ ಆಗಲಿಲ್ಲ; ಅದನ್ನು ಆಡುವವರು ಯಾರು ಎಂಬುದು ಬದಲಾಯಿತು.

ಉತ್ತರ — ಉತ್ತರ ಇಂಗ್ಲೆಂಡಿನಲ್ಲಿ ಓದಿದವಳು

ಇಲ್ಲಿ ಲೋಪ ಮತ್ತು ಆಗಮಕ್ಕೇ ಹೆಚ್ಚು ಜಾಗ ಸಿಕ್ಕಿದೆ, ಆದೇಶದಲ್ಲೂ ಊರೂರಿನ ಗುರುತಿದೆ ಎಂದು ಸೇರಿಸಲು ಬರೆಯುತ್ತಿದ್ದೇನೆ. ಕನ್ನಡಿಗರಿಗೆ ಇದು ವಿಶೇಷವಾಗಿ ರುಚಿಸಬೇಕು.

ವಾಕ್ ಮತ್ತು ದೇವಿ ಸೇರಿದರೆ ವಾಗ್ದೇವಿ: ಮುಂದಿನ ಘೋಷ (ಕೊರಳಿನ ಕಂಪನವಿರುವ) ಧ್ವನಿ ಹಿಂದಿನ ಅಘೋಷವನ್ನು (ಆ ಕಂಪನವಿಲ್ಲದ್ದನ್ನು) ತನ್ನಂತೆ ಮಾಡಿಕೊಳ್ಳುತ್ತದೆ. ದಕ್ಷಿಣ ಇಂಗ್ಲೆಂಡಿನ ಪ್ರತಿಷ್ಠಿತ ಇಂಗ್ಲಿಷಿನಲ್ಲಿ ಈ ಜಶ್ತ್ವ ಸಂಧಿ ಇಲ್ಲ. ‘ಬ್ಯಾಕ್ ಡೋರ್’ ಎಂಬುದು ಎಷ್ಟೇ ವೇಗವಾಗಿ ಆಡಿದರೂ ‘ಬ್ಯಾಗ್ ಡೋರ್’ ಆಗುವುದಿಲ್ಲ. ಆದರೆ ಈಶಾನ್ಯದ ಡರ್‌ಹಮ್ ನಗರದ ಸ್ಥಳೀಯ ಮಾತಿನಲ್ಲಿ ಪದದ ಕೊನೆಯ ಅಘೋಷವು ಮುಂದಿನ ಘೋಷದ ಎದುರು ಘೋಷವಾಗುತ್ತದೆ. ಪಾಲ್ ಕರ್ಸ್‌ವಿಲ್ ಅವರು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಅಲ್ಲಿನ ದುಡಿಯುವ ವರ್ಗದ ಮಾತಿನ ಗುರುತುಗಳ ಜೊತೆಯಲ್ಲಿಟ್ಟು ಚರ್ಚಿಸಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಯಾರ್ಕ್‌ಶೈರಿಗೆ ಬಂದರೆ ಇದಕ್ಕೆ ತಿರುವುಮುರುವಾದ ನಿಯಮ. ಅಲ್ಲಿ ಅಘೋಷದ ಮುಂದೆ ಘೋಷವೇ ಅಘೋಷವಾಗುತ್ತದೆ. ‘ಬ್ರಾಡ್‌ಫರ್ಡ್’ ಎಂಬ ಊರಿನ ಹೆಸರನ್ನು ಊರಿನವರೇ ‘ಬ್ರಾಟ್‌ಫರ್ಡ್’ ಎನ್ನುತ್ತಾರೆ. ಕೆಲವೇ ಗಂಟೆಗಳ ಪ್ರಯಾಣದ ಅಂತರದಲ್ಲಿ ಸಂಧಿ ತಲೆಕೆಳಗಾಗುತ್ತದೆ.

ನಾನು ವಿದ್ಯಾರ್ಥಿನಿಯಾಗಿದ್ದಾಗ ಬ್ರಾಡ್‌ಫರ್ಡಿನ ಸಹಪಾಠಿಯೊಬ್ಬಳು ತನ್ನ ಊರಿನ ಹೆಸರನ್ನು ಡಕಾರದಿಂದಲೇ ಹೇಳುತ್ತೇನೆಂದು ವಾದಿಸಿದಳು. ಮಾತಿನ ನಡುವೆ ಅವಳಿಗೆ ಗೊತ್ತಾಗದಂತೆ ಲೆಕ್ಕ ಹಾಕಿದೆ: ಆರು ಸಲ ಆ ಹೆಸರು ಬಂತು, ಆರು ಸಲವೂ ಟಕಾರ. ಹೇಳಿದಾಗ ನಕ್ಕಳು, ಮರುದಿನದಿಂದ ನನ್ನ ಎದುರು ಅದನ್ನು ಎಚ್ಚರದಿಂದ ಉಚ್ಚರಿಸತೊಡಗಿದಳು, ಆ ಎಚ್ಚರ ಎರಡು ದಿನವೂ ಉಳಿಯಲಿಲ್ಲ. ಇಂಥ ಸಂಧಿಗಳು ಪ್ರದೇಶದ ಗುರುತುಗಳಾಗಿದ್ದರೂ ಅವುಗಳನ್ನು ಅಣಕಿಸುವವರು ಕಡಿಮೆ. ಸ್ವತಃ ಆಡುವವರಿಗೇ ಗೊತ್ತಿರುವುದಿಲ್ಲ. ಗಂಟಲ ತಡೆಗೆ, ಹಕಾರದ ಲೋಪಕ್ಕೆ ಸಿಕ್ಕ ಅಪಕೀರ್ತಿ ಇವಕ್ಕೆ ಸಿಕ್ಕಿಲ್ಲ. ಹೀಗಾಗಿ ಎಲ್ಲರೂ ಮಾಡದಿದ್ದರೆ ಸಾಕು, ಗುರುತಾಗುತ್ತದೆ ಎಂಬ ಎಣಿಕೆಯವರ ಮಾತಿಗೆ ನನ್ನದೊಂದು ತಿದ್ದುಪಡಿ: ಗುರುತಾಗಲು ಯಾರಾದರೂ ಅದನ್ನು ಬೆರಳು ಮಾಡಿ ತೋರಿಸಿರಬೇಕು.

ಅಡಿಬರಹದವರಿಗೆ ಒಂದು ವೃತ್ತಿಯ ಮಾತು. ಚಾಲಕರ ಮಾತನ್ನು ಅಕ್ಷರಕ್ಕಿಳಿಸುವಾಗ ಮಾತ್ರ ಟಕಾರವನ್ನು ತೆಗೆದು ಆ ಜಾಗದಲ್ಲಿ ಮೇಲೊಂದು ಚುಕ್ಕೆ (ಅಪಾಸ್ಟ್ರಫಿ) ಇಟ್ಟು, ಪ್ರಾಧ್ಯಾಪಕರ ‘ಲಾಸ್ಟ್ ನೈಟ್’ ಅನ್ನು ಪೂರ್ತಿಯಾಗಿ ಬರೆದರೆ, ಇಬ್ಬರೂ ಮಾಡಿದ ಕೆಲಸಕ್ಕೆ ಒಬ್ಬರಿಂದ ಮಾತ್ರ ದಂಡ ವಸೂಲಿ ಮಾಡಿದಂತಾಗುತ್ತದೆ. ಹೀಗೆ ಕಾಗುಣಿತ ಕೆಡಿಸಿ ಬರೆಯುವುದರಲ್ಲಿ ಒಂದು ಬಗೆಗೆ, ಅಂದರೆ ಉಚ್ಚಾರಣೆ ಎಲ್ಲರದೇ ಆಗಿದ್ದರೂ ಕಣ್ಣಿಗೆ ಮಾತ್ರ ಗ್ರಾಮ್ಯವಾಗಿ ಕಾಣುವಂತೆ ಬರೆಯುವುದಕ್ಕೆ, ಜಾರ್ಜ್ ಫಿಲಿಪ್ ಕ್ರಾಪ್ ಅವರು 1925ರಲ್ಲಿಯೇ ‘ಕಣ್ಣಿನ ಉಪಭಾಷೆ’ ಎಂಬರ್ಥದ ಹೆಸರಿಟ್ಟರು. ಅಂಥ ಬರಹವನ್ನು ಓದಿದವರು ಮಾತಾಡಿದವರನ್ನು ಕೆಳಗಿನ ಸ್ತರದವರೆಂದು ಅಂದಾಜಿಸುತ್ತಾರೆ ಎಂದು ಡೆನಿಸ್ ಪ್ರೆಸ್ಟನ್ ಅವರು 1985ರಲ್ಲಿ ತೋರಿಸಿದ್ದಾರೆ.

ಪ್ರಶ್ನೆ ಕೇಳಿದವನ ಮರುಮಾತು — ಅಡಿಬರಹದವನು

ನಾನು ಮಾಡಿದ್ದು ಅದೇ ತಪ್ಪು. ಚಾಲಕರ ಅಡಿಬರಹದಲ್ಲಿ ಅಂಥ ಹದಿನಾಲ್ಕು ಚುಕ್ಕೆಗಳಿದ್ದವು, ಪ್ರಾಧ್ಯಾಪಕರದರಲ್ಲಿ ಒಂದೂ ಇರಲಿಲ್ಲ. ಇಂದು ಬೆಳಿಗ್ಗೆ ಹದಿನಾಲ್ಕನ್ನೂ ತೆಗೆದು ಕಡತವನ್ನು ಮತ್ತೆ ಕಳುಹಿಸಿದ್ದೇನೆ. ಹಿರಿಯರು ಇನ್ನೂ ಏನೂ ಹೇಳಿಲ್ಲ.